ಕೇಳದ ಒಪ್ಪಿಗೆ

ಬೋರ್ಡಿನ ಮೇಲೆ ‘ಗಿವ್ ಅಪ್’ ಎಂದು ಬರೆದು, ಬೆರಳಿಗಂಟಿದ ಪುಡಿಯನ್ನು ಸೆರಗಿಗೆ ಒರೆಸಬಾರದೆಂದು ನೆನಪಾಗುವಷ್ಟರಲ್ಲಿ ನೀಲಮ ಒರೆಸಿಬಿಟ್ಟಿದ್ದಳು. ಬುಧವಾರ ಮಧ್ಯಾಹ್ನ ಮೂರು ಗಂಟೆ. ಅಂಕಲಿಯ ಬಸದಿ ಓಣಿಯ ಅವಳ ಮನೆಯ ಪಡಸಾಲೆಯಲ್ಲಿ ವಾರಕ್ಕೆರಡು ಸಲ ನಡೆಯುವ ಇಂಗ್ಲಿಷ್ ಕ್ಲಾಸಿಗೆ ಐದು ಜನ ಹೆಂಗಸರು ಬಂದು ಚಾಪೆಯ ಮೇಲೆ ಕೂತಿದ್ದರು. ಎಲ್ಲರೂ ಮದುವೆಯಾದವರು, ಮಕ್ಕಳ ಶಾಲೆಯ ಮೀಟಿಂಗಿನಲ್ಲಿ ಬಾಯಿ ಬಿಡಲಾಗದೆ ತಲೆ ತಗ್ಗಿಸಿ ಬಂದವರು. ನೀಲಮನಿಗೆ ಪುಸ್ತಕ ಹಿಡಿದು ಕಲಿಸುವುದು ಹಿಡಿಸುತ್ತಿರಲಿಲ್ಲ. ಒಂದು ದಿನಕ್ಕೆ ಒಂದೇ ಮಾತು ತೆಗೆದುಕೊಳ್ಳುವುದು, ಅದು ಎಲ್ಲೆಲ್ಲಿ ನಡೆಯುತ್ತದೆ ಎಂದು ಹೇಳುವುದು, ಆಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದರ ಮೇಲೆ ಒಂದು ವಾಕ್ಯ ಕಟ್ಟಿ ಹೇಳಬೇಕು. ಸುಳ್ಳು ವಾಕ್ಯ ಕಟ್ಟಿದರೆ ಮರುದಿನಕ್ಕೆ ಮರೆತುಹೋಗುತ್ತದೆ ಎಂಬುದು ಅವಳ ಅನುಭವ. ಆ ಅನುಭವದ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

“ಚಟಾ ಬಿಟ್ರ ಗಿವ್ ಅಪ್,” ಎಂದಳು. “ಮಾಡೂ ಪ್ರಯತ್ನ ಕೈಬಿಟ್ರೂ ಗಿವ್ ಅಪ್. ಬಸ್ಸಿನ್ಯಾಗ ವಯಸ್ಸಾದವ್ರಿಗೆ ಸೀಟ ಬಿಟ್ಟ ಕೊಟ್ರೂ ಅದನ. ಒಗಟಿನ ಉತ್ತರ ಹೊಳೀಲಿಲ್ಲ, ಸೋತೆ, ನೀನ ಹೇಳು ಅಂತೀವಲ್ಲ, ಆಗೂ ಇದನ ಅನ್ನಬೇಕು. ಹೂಂ, ಯಾರ ಮೊದಲ ಹೇಳ್ತೀರಿ?”

ದಾನೇಶ್ವರಿ ಎಂಬವಳು ಎದ್ದುನಿಂತು, ತನ್ನ ಮಾವ ತಂಬಾಕು ಬಿಟ್ಟಿದ್ದಾನೆ, ಈ ವರ್ಷದಲ್ಲೇ ಮೂರು ಸಲ ಬಿಟ್ಟಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ನೊಬ್ಬಳು, ಚಿಕ್ಕೋಡಿ ಬಸ್ಸಿನಲ್ಲಿ ಒಬ್ಬ ಪುಣ್ಯಾತ್ಮ ತನ್ನ ಅತ್ತೆಗೆ ಸೀಟು ಬಿಟ್ಟುಕೊಟ್ಟ, ಅತ್ತೆ ಆ ಸೀಟನ್ನು ತನ್ನ ಚೀಲಕ್ಕೆ ಬಿಟ್ಟುಕೊಟ್ಟು ತಾನು ನಿಂತೇ ಬಂದಳು ಎಂದಳು. ಚಾತುರ್ಮಾಸ ನಡೆದಿದ್ದರಿಂದ ಜೈನರ ಮನೆಯವರಿಗಂತೂ ಇವತ್ತಿನ ಪಾಠ ಹಬ್ಬವೇ ಆಗಿತ್ತು. ಊರಿನ ಬಸದಿಯಲ್ಲಿ ಮುನಿ ಮಹಾರಾಜರು ನಾಲ್ಕು ತಿಂಗಳಿಗೆ ನಿಂತಿದ್ದರು. ಅವರ ಮುಂದೆ ಒಬ್ಬರು ಬದನೆಕಾಯಿ ಬಿಟ್ಟಿದ್ದರು, ಒಬ್ಬರು ಬೆಲ್ಲ ಬಿಟ್ಟಿದ್ದರು, ಒಬ್ಬರು ಟಿವಿ ಬಿಟ್ಟು ಮೊಬೈಲು ಇಟ್ಟುಕೊಂಡಿದ್ದರು. ಕೊನೆಗೆ ಎದುರುಮನೆಯ ಸೊಸೆ ಬ್ರಾಹ್ಮಿ ಎದ್ದಳು. ಅವಳು ವಾಕ್ಯವನ್ನು ಕೂತಲ್ಲೇ ಚೀಟಿಯಲ್ಲಿ ಬರೆದುಕೊಂಡಿದ್ದಳು, ಅದನ್ನು ನೋಡುತ್ತ ಒಂದೊಂದೇ ಶಬ್ದವನ್ನು ಮೆಲ್ಲಗೆ ಇಳಿಸಿದಳು. “ಶ್ರೀಪಾಲ ಕಾಕಾ ಹ್ಯಾಸ್ ಗಿವ್ ಅಪ್ ಹಿಸ್ ಮ್ಯಾರೀಡ್ ಲೈಫ್.”

“ಗಿವ್ ಅಪ್ ಅಲ್ಲ, ಗಿವನ್ ಅಪ್,” ಎಂದಳು ನೀಲಮ.

ಬ್ರಾಹ್ಮಿ ತಿದ್ದಿಕೊಂಡು ಇನ್ನೊಮ್ಮೆ ಹೇಳಿದಳು. ಈ ಸಲ ತಪ್ಪಿರಲಿಲ್ಲ. ತಪ್ಪಿಲ್ಲದ್ದರಿಂದ ವಾಕ್ಯದ ಅರ್ಥ ಮಾತ್ರ ಉಳಿಯಿತು. ಶ್ರೀಪಾಲ ಎಂದರೆ ನೀಲಮನ ಗಂಡ. ಸರ್ಕಲ್ಲಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟವನು, ಇವತ್ತು ಬೆಳಿಗ್ಗೆ ಎರಡು ಜೋಳದ ರೊಟ್ಟಿ ತಿಂದು ಹೋದವನು. ನೀಲಮ ಒರೆಸಲೆಂದು ಬೋರ್ಡಿನ ಕಡೆ ತಿರುಗಿ, ಒರೆಸದೆ ಹಾಗೇ ನಿಂತಳು. ಹಿಂದಿನಿಂದ ಬ್ರಾಹ್ಮಿಯ ದನಿ ಬಂತು. “ಕಾಕೂ, ಚಲೋ ವಾಕ್ಯ ಆತಿಲ್ರಿ? ಆಯಿತವಾರ ಮಹಾರಾಜರ ಮುಂದ ಕಾಕಾ ಕಾಯಿ ಇಟ್ಟು ಜೀವ ಇರೂ ತನಕ ಬ್ರಹ್ಮಚರ್ಯ ಅಂತ ವ್ರತಾ ತಗೊಂಡ್ರಲ್ಲ, ನನ್ನ ಕಣ್ಣಾಗ ನೀರ ಬಂತ್ರಿ. ಹೆಂಡತಿ ಒಪ್ಪಿಗಿ ಐತೇನು ಅಂತ ಮಹಾರಾಜರು ಕೇಳಿದ್ರು. ಐತಿ ಅಂದ್ರು ಕಾಕಾ. ನಿಮ್ಮ ಹೆಸರ ಮೈಕಿನ್ಯಾಗ ತಗೊಂಡಾಗ ಇಡೀ ಮಂಟಪ ಚಪ್ಪಾಳಿ ಹೊಡೀತು. ನೀವು ಇರಬೇಕಿತ್ರಿ.” ಹೇಳುತ್ತ ಹೇಳುತ್ತ ಅವಳೇ ಮೊಬೈಲು ತೆಗೆದು ವಿಡಿಯೋ ಹಚ್ಚಿದಳು. ಗದ್ದಲದ ನಡುವೆ ಶ್ರೀಪಾಲನ ದನಿ ಸ್ಪಷ್ಟವಾಗಿತ್ತು, ಅಂಗಡಿಯಲ್ಲಿ ಗೊಬ್ಬರದ ಚೀಲ ಬಂದಿದೆಯೇ ಎಂದು ಕೇಳಿದವರಿಗೆ ಹೇಳುವ ಅದೇ ನಿರಾಳ ದನಿ. “ಐತ್ರಿ ಮಹಾರಾಜ್. ಪೂರ್ಣ ಒಪ್ಪಿಗಿ ಐತಿ.”

“ಗೊತ್ತೈತಿ,” ಎಂದಳು ನೀಲಮ. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಐದು ಜನ ಹೆಂಗಸರ ಎದುರು, ತನ್ನ ಗಂಡನ ಸುದ್ದಿ ತನಗೆ ಗೊತ್ತಿಲ್ಲ ಎನ್ನುವುದಕ್ಕಿಂತ ಸುಳ್ಳು ಹೇಳುವುದು ಹಗುರವಾಗಿ ಕಂಡಿತ್ತು. ಮರುಗಳಿಗೆಯೇ ಹೊಳೆಯಿತು, ಈಗ ತಾನೂ ಒಪ್ಪಿಗೆಗೆ ರುಜು ಹಾಕಿದಂತಾಯಿತು.

ಕ್ಲಾಸು ಮುಗಿಸಿ ಅವರನ್ನು ಕಳಿಸಿ ಚಾಪೆ ಸುತ್ತುವಾಗ ಅವಳಿಗೆ ಆಯಿತವಾರದ ನಿಪ್ಪಾಣಿ ನೆನಪಾಯಿತು. ನೆನಪಾದದ್ದು ಅಕ್ಕನ ಮನೆಯಲ್ಲ, ಅಲ್ಲಿಗೆ ಹೋಗುವ ಬಸ್ಸು. ಶನಿವಾರ, ರಾತ್ರಿಯೂಟದ ರೂಢಿಯಿಲ್ಲದ ಈ ಮನೆಯಲ್ಲಿ, ಹೊತ್ತು ಮುಳುಗುವ ಮುನ್ನ ಉಣ್ಣುತ್ತ ಶ್ರೀಪಾಲ ತಾನಾಗಿಯೇ ಹೇಳಿದ್ದ, ಅಕ್ಕನಿಗೆ ಆರಾಮಿಲ್ಲ ಅಂತಿದ್ದೆಯಲ್ಲ, ಹೋಗಿ ಬಾ, ಅವಸರ ಮಾಡಬೇಡ, ಎರಡು ದಿನ ಇದ್ದು ಬಾ ಎಂದು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ತವರಿನ ಕಡೆಗೆ ಹೊರಟವಳನ್ನು ಅವನು ಬಸ್ಸಿನವರೆಗೆ ಬಂದು ಬಿಟ್ಟದ್ದು ಎಷ್ಟು ಸಲ? ಆವತ್ತು ಬಂದಿದ್ದ. ಜನ ನುಗ್ಗುವ ಮೊದಲೇ ಕಿಟಕಿಯಿಂದ ಟವೆಲು ಒಳಗೆಸೆದು ಸೀಟು ಹಿಡಿದಿದ್ದ. ಬಾಳೆಹಣ್ಣು ಕೊಂಡು ಕಿಟಕಿಯಿಂದ ಕೊಟ್ಟು, ಬಸ್ಸು ಹೊರಡುವವರೆಗೆ ನಿಂತಿದ್ದ. ಆ ಬಾಳೆಹಣ್ಣನ್ನು ಅಕ್ಕನಿಗೆ ತೋರಿಸಿ, ನಮ್ಮ ಮನೆಯವರು ಕೊಡಿಸಿದ್ದು ನೋಡು ಎಂದು ಹೇಳಿಕೊಂಡಿದ್ದಳಲ್ಲ, ನಲವತ್ತೇಳರ ಹೆಂಗಸು ಹೊಸ ಮದುಮಗಳ ಹಾಗೆ! ಅಕ್ಕ ನಕ್ಕಿದ್ದಳು. ಆ ನಗು ಈಗ ಮೈಗೆ ಚುಚ್ಚಿತು. ಊರಿಂದ ಹೊರಗೆ ಸಾಗಿಸಬೇಕಿತ್ತು, ಸಾಗಿಸಿದ. ಅದಕ್ಕೆ ಒಂದು ಡಜನ್ ಬಾಳೆಹಣ್ಣು ಸಾಕಾಯಿತು. ಸೋಮವಾರ ಮರಳಿದ ಮೇಲೆ ಬೆನ್ನು ನೋವು ಎಂದು ಅವನು ಪಡಸಾಲೆಯಲ್ಲಿ ಹಾಸಿಕೊಂಡದ್ದು, ಅವಳು ನೋವಿನೆಣ್ಣೆ ಬೆಚ್ಚಗೆ ಮಾಡಿ ತಂದದ್ದು, ನೀ ಇಲ್ಲಿಟ್ಟು ಹೋಗು, ನಾನೇ ಹಚ್ಚಿಕೊಳ್ಳುತ್ತೇನೆ ಎಂದು ಅವನು ಕೈ ಹಿಂದೆ ತೆಗೆದುಕೊಂಡದ್ದು! ನಿನ್ನೆ ಓಣಿಯಲ್ಲಿ ಇಬ್ಬರು ಮುದುಕಿಯರು ಅವಳನ್ನು ಕಂಡು ಕೈ ಮುಗಿದಿದ್ದರು. ಉಟ್ಟ ಸೀರೆ ಹೊಸದಾಗಿತ್ತು, ಅದಕ್ಕೇ ಇರಬೇಕೆಂದು ಅವಳು ಹಿಗ್ಗಿದ್ದಳು.

ಬಿಡುವುದು ಶ್ರೀಪಾಲನಿಗೆ ಹೊಸದೇನಲ್ಲ. ಮದುವೆಯಾದ ಮೂರನೇ ವರ್ಷ ಆಲೂಗಡ್ಡೆ, ಉಳ್ಳಾಗಡ್ಡಿ ಬಿಟ್ಟ. ಆಮೇಲೆ ಹೊರಗಿನ ತಿಂಡಿ ಬಿಟ್ಟ. ಅಷ್ಟಮಿಗೆ ಉಪ್ಪು ಬಿಟ್ಟ, ಚತುರ್ದಶಿಗೆ ಊಟ ಬಿಟ್ಟ. ಪ್ರತಿ ಸಲವೂ ಬಸದಿಯಲ್ಲಿ ಕಾಯಿ ಇಟ್ಟು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ, ಇವತ್ತಿನಿಂದ ಇದು ನನಗಿಲ್ಲ ಎಂದು. ಎರಡು ಪಾತ್ರೆ ಇಟ್ಟು ಎರಡು ಪಲ್ಯ ಮಾಡುವವಳು ನೀಲಮ, ಉಪ್ಪಿನ ಸೌಟು ಉಪ್ಪಿಲ್ಲದ್ದಕ್ಕೆ ತಾಗದಂತೆ ಕಣ್ಣಿಟ್ಟವಳು ನೀಲಮ. ಊರಿನವರು ಅವನ ತ್ಯಾಗ ಹೊಗಳುವಾಗ ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಆದರೂ ಅದರಲ್ಲಿ ಒಂದು ಹೆಮ್ಮೆ ಇತ್ತೆಂಬುದು ಸುಳ್ಳಲ್ಲ, ಇಂಥವನ ಹೆಂಡತಿ ಎಂದು. ವ್ರತದ ಬಗ್ಗೆ ಅವಳಿಗೆ ಸಿಟ್ಟಿರಲಿಲ್ಲ. ಅವಳ ಸ್ವಂತ ತಂದೆ-ತಾಯಿ ಐವತ್ತರ ಮೇಲೆ ಇದೇ ವ್ರತ ತೆಗೆದುಕೊಂಡವರು. ಇಬ್ಬರೂ ಒಟ್ಟಿಗೆ ನಿಂತು, ಒಂದೇ ಕಾಯಿಯ ಮೇಲೆ ಇಬ್ಬರೂ ಕೈ ಇಟ್ಟಿದ್ದರು. ಹಿಂದಿನ ದಿನ ಅಪ್ಪ ಅವ್ವನನ್ನು ಹಿತ್ತಲಿಗೆ ಕರೆದು ಬಹಳ ಹೊತ್ತು ಮಾತಾಡಿದ್ದು, ಅವ್ವ ಅತ್ತು ಆಮೇಲೆ ಮುಖ ತೊಳೆದುಕೊಂಡು ಬಂದದ್ದು ನೀಲಮನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಬಹಳ ಹೊತ್ತಿನ ಮಾತು ತನಗೆ ಬರಬೇಕಿತ್ತು. ಬಂದಿದ್ದರೆ ತಾನೂ ಅತ್ತು ಮುಖ ತೊಳೆದುಕೊಂಡು ಹೂಂ ಎನ್ನುತ್ತಿದ್ದೆನೋ ಏನೋ. ಒಂದು ವರ್ಷ ತಡೆಯಿರಿ ಎನ್ನುತ್ತಿದ್ದೆನೋ. ಯಾರಿಗೆ ಗೊತ್ತು? ತನಗೇ ಗೊತ್ತಾಗಲು ಬಿಡಲಿಲ್ಲ ಅವನು.

ಸಂಜೆ ಐದೂವರೆಗೆ ಶ್ರೀಪಾಲ ಅಂಗಡಿಯಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಅತ್ತೆ ಕಾಶಿಬಾಯಿ ಪಕ್ಕದಲ್ಲಿ ಗೋಡೆಗೊರಗಿ ಜಪಮಾಲೆ ಎಣಿಸುತ್ತಿದ್ದಳು. ರೊಟ್ಟಿ ಬಡಿಸುತ್ತ ನೀಲಮ ಕೇಳಿದಳು, “ನನ್ನ ಒಪ್ಪಿಗಿ ಎಂದ ತಗೊಂಡ್ರಿ?”

ಅವನು ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುವ ಬೆರಳು ಮಾತ್ರ ನಿಂತವು. “ನಾನ ಹೇಳಾಂವ ಇದ್ನಿ.”

“ಊರ ಮಂದಿಗೆಲ್ಲ ಹೇಳಿ ಮುಗಿದ ಮ್ಯಾಲೇನ್ರಿ?”

“ನೀನ ಅಂದಿದ್ದಿ ಅಲ್ಲ,” ಎಂದ ಅವನು, ಇನ್ನೂ ತಟ್ಟೆ ನೋಡುತ್ತಲೇ. “ಯುಗಾದಿ ಮುಂದ. ಸಾಕ ಮಾಡ್ರಿ ಇನ್ನ, ವಯಸ್ಸಾತು ಅಂತ.”

ನೀಲಮನ ಮುಖಕ್ಕೆ ರಕ್ತ ನುಗ್ಗಿತು. ಅತ್ತೆ ಪಕ್ಕದಲ್ಲೇ ಕೂತಿದ್ದಾಳೆ, ಜಪಮಾಲೆ ನಿಂತಿಲ್ಲ, ಅಂದರೆ ಈ ಮಾತು ಅವಳಿಗೂ ಮೊದಲೇ ಗೊತ್ತು. ಹೌದು, ಅಂದಿದ್ದಳು. ಆ ದಿನ ಶಾವಿಗೆ ಹೊಸೆದು ತೋಳು ಬಿದ್ದುಹೋಗಿತ್ತು, ಅವನ ಕೈ ಬಂದಾಗ ಸರಿಸಿ ಹಾಗಂದಿದ್ದಳು. ಸರಿಸಿದ ಮೇಲೆ ಅವನು ಗೋಡೆ ಕಡೆ ಹೊರಳಿದ್ದನ್ನು ಕಂಡು ಪಾಪ ಎನ್ನಿಸಿ, ಮರುದಿನ ಅವನಿಗೆ ಇಷ್ಟವೆಂದು ಹೋಳಿಗೆ ಮಾಡಿದ್ದಳು. ಆ ಹೋಳಿಗೆ ಅವನಿಗೆ ನೆನಪಿಲ್ಲ, ಈ ಒಂದು ಮಾತು ನೆನಪಿದೆ. ಇವನಿಗೆ ನೋವಾಗಿತ್ತೇ ಹಾಗಾದರೆ? ಐದು ತಿಂಗಳು ಆ ನೋವನ್ನು ಇಟ್ಟುಕೊಂಡು ಅದಕ್ಕೆ ಧರ್ಮದ ಬಟ್ಟೆ ತೊಡಿಸಿದನೇ? ತಪ್ಪು ತನ್ನದೇ ಇರಬಹುದೇ ಎಂದು ಒಂದು ಗಳಿಗೆ ಅವಳ ಜೀವ ಕುಸಿಯಿತು. ತನ್ನ ಆಯಾಸ, ತನ್ನ ಸಿಡುಕು, ಕ್ಲಾಸು ಕ್ಲಾಸು ಎಂದು ಅವನ ಚಹಾ ತಡವಾಗಿಸಿದ್ದು, ಎಲ್ಲ ಸಾಲಾಗಿ ಬಂದು ನಿಂತವು. ಆದರೆ ಬಾಳೆಹಣ್ಣು? ಮನಸ್ಸು ನೊಂದವನು ಗೋಡೆ ಕಡೆ ಹೊರಳುತ್ತಾನೆ, ಬಸ್ಸಿಗೆ ಟವೆಲು ಎಸೆಯುವುದಿಲ್ಲ.

“ದಣಿದು ಅಂದ ಮಾತು ಒಪ್ಪಿಗಿ ಅಲ್ರಿ,” ಎಂದಳು. “ಉಳ್ಳಾಗಡ್ಡಿ ಬಿಟ್ರಿ, ಅದು ನಿಮ್ಮ ತಾಟಿಂದು. ಇದು ಇಬ್ಬರದು. ನನ್ನ ಪಾಲಿಂದು ನೀವು ಹ್ಯಾಂಗ ಬಿಟ್ರಿ? ಮಹಾರಾಜರ ಕಡೆ ಹೋಗಿ ಒಂದ ಮಾತ ಹೇಳ್ರಿ. ಹೆಂಡತಿನ್ನ ಕೇಳಿದ್ದಿಲ್ಲ ಅಂತ. ಅಷ್ಟ ಸಾಕು. ವ್ರತಾ ಮುರೀರಿ ಅನ್ನಾಂಗಿಲ್ಲ ನಾ.”

“ಮಂದಿ ಏನಂದಾರು?” ಎಂದ ಶ್ರೀಪಾಲ. ಅವನಿಗೆ ಅಷ್ಟರಲ್ಲೇ ಎಲ್ಲ ಮುಗಿದಿತ್ತು.

ಕಾಶಿಬಾಯಿ ಜಪಮಾಲೆ ಮಡಿಲಿಗಿಟ್ಟಳು. “ನೀಲಮಾ, ಅವನ ಪುಣ್ಯೇದಾಗ ಅರ್ಧ ನಿಂದ ಐತಿ. ಸುಮ್ಮ ಕುಂತ ಸಿಗೂ ಪುಣ್ಯೇ ಯಾಕ ಒದಿತಿ ಬೇ? ನಾಳೆ ಮಹಾರಾಜರ ಆಹಾರ ನಮ್ಮನ್ಯಾಗ ಆಗ್ಲಿ ಅಂತ ಮಡೀಲೆ ಅಡಿಗಿ ಮಾಡಿ ಚೌಕಾ ಹಚ್ಚೂದೈತಿ. ಬಸದಿ ಕಮಿಟಿ ಭಾವುಸಾಹೇಬ ಫೋಟೋ ತಗ್ಯಾಕ ಬರ್ತಾನ. ನಿಂದೂ ಇರತೈತಿ, ಫ್ಲೆಕ್ಸಿಗೆ. ಬೆಳಗಾಗೂದ್ರಾಗ ಮಾರಿ ಸರಿ ಮಾಡ್ಕೊ.”

ರಾತ್ರಿ ಅವಳು ಹೇಗೆ ಮಲಗಿದಳೋ, ಎದ್ದದ್ದು ನಾಲ್ಕಕ್ಕೆ. ಬಾವಿಯ ನೀರು ಸೇದಿ ತಲೆಗೆ ಹೊಯ್ದುಕೊಂಡು, ಮಡಿಸೀರೆ ಉಟ್ಟು, ನೀರು ಸೋಸಿ ಕಾಯಿಸಿ, ಹಿಟ್ಟನ್ನು ಅಲ್ಲೇ ಬೀಸಿ, ಹಾಲು ತುಪ್ಪ ಎಲ್ಲವನ್ನೂ ಎರಡೆರಡು ಸಲ ಕಣ್ಣು ಕಿರಿದು ಮಾಡಿ ನೋಡಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಮಹಾರಾಜರ ಮೇಲೆ ಅವಳಿಗೆ ಸಿಟ್ಟಿಲ್ಲ. ಎಪ್ಪತ್ತು ದಾಟಿದ ಜೀವ, ದಿನಕ್ಕೆ ಒಂದೇ ಸಲ, ನಿಂತು, ಬೊಗಸೆಯಲ್ಲಿ ಉಣ್ಣುವವರು. ನಡುವೆ ಒಂದು ಕೂದಲು ಕಂಡರೂ ಕೈ ಬಿಟ್ಟು ಹೊರಟುಹೋಗುವವರು, ಹೋದರೆ ಮರುದಿನದವರೆಗೆ ನೀರೂ ಇಲ್ಲ. ಅವರು ಕೇಳಿದ್ದರು ಪಾಪ, ಹೆಂಡತಿಯ ಒಪ್ಪಿಗೆ ಇದೆಯೇ ಎಂದು. ಈ ಊರಿನಲ್ಲಿ ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡ ಒಬ್ಬನೇ ಮನುಷ್ಯ ಅವರು ಎನ್ನಿಸಿ ಒಲೆಯ ಮುಂದೆ ಅವಳ ಕಣ್ಣು ತುಂಬಿತು, ಕಣ್ಣೀರು ಪಾತ್ರೆಗೆ ಬಿದ್ದೀತೆಂದು ಹಿಂದೆ ಸರಿದಳು.

ಹತ್ತು ಗಂಟೆಗೆ ಓಣಿಯಲ್ಲಿ ಜಯಕಾರ ಕೇಳಿತು. ಬಿಳಿ ಧೋತರ, ಬಿಳಿ ಶಲ್ಯದ ಶ್ರೀಪಾಲ ಬಾಗಿಲಲ್ಲಿ ಕಾಯಿ ಹಿಡಿದು ನಿಂತ, ನೀಲಮ ಕಲಶ ಹಿಡಿದು ಒಂದು ಮಾರು ದೂರ ನಿಂತಳು. ಮಹಾರಾಜರು ಬಲಗೈಯನ್ನು ಹೆಗಲಿಗೇರಿಸಿ, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು ಮೌನವಾಗಿ ಬಂದರು. ಎರಡು ಮನೆ ದಾಟಿ ಇವರ ಬಾಗಿಲಲ್ಲಿ ನಿಂತರು. ಓಣಿ ತುಂಬ ಸಂಭ್ರಮ. ಮೂರು ಸುತ್ತು ಹಾಕಿ, ಒಳಗೆ ಕರೆದುಕೊಂಡು, ಮಣೆಯ ಮೇಲೆ ಕೂರಿಸಿ, ಪಾದ ತೊಳೆದದ್ದಾಯಿತು. ಪಡಸಾಲೆ, ಬಾಗಿಲು, ಕಿಟಕಿ ಎಲ್ಲ ಕಡೆ ಮುಖಗಳು. ಭಾವುಸಾಹೇಬ ಕುರ್ಚಿ ಹತ್ತಿ ಮೊಬೈಲು ಎತ್ತಿ ಹಿಡಿದಿದ್ದ. ಇನ್ನು ಉಣಿಸುವವರು ಒಬ್ಬೊಬ್ಬರಾಗಿ ಶುದ್ಧಿ ಹೇಳಬೇಕು. ಶ್ರೀಪಾಲ ಗಂಟಲು ಸರಿಮಾಡಿಕೊಂಡು ಹೇಳಿದ, ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಎಂದು. ಒಂದು ಕಡೆಯೂ ತಡೆಯಲಿಲ್ಲ. ಕಾಶಿಬಾಯಿಯೂ ಹೇಳಿದಳು. ಎಲ್ಲರೂ ನೀಲಮನ ಕಡೆ ನೋಡಿದರು.

ಬಾಯಿಪಾಠವಾದ ಮಾತು ಅದು. ಸಾವಿರ ಸಲ ಹೇಳಿದ್ದಾಳೆ, ಎಷ್ಟೋ ಸಲ ಒಲೆಯ ಮೇಲಿನ ಹಾಲಿನ ಕಡೆ ಲಕ್ಷ್ಯ ಇಟ್ಟುಕೊಂಡೇ ಹೇಳಿದ್ದಾಳೆ. ಹೇಳಿಬಿಟ್ಟರೆ ಮುಗಿಯಿತು, ಮುದುಕರ ಹೊಟ್ಟೆಗೆ ಊಟ ಬೀಳುತ್ತದೆ. ಮೊದಲ ಶಬ್ದ ಬಾಯಿಯವರೆಗೆ ಬಂತು. ಮನಸ್ಸು ಶುದ್ಧವೇ? ಇರಲಿಲ್ಲ, ಅದನ್ನಾದರೂ ನುಂಗಬಹುದಿತ್ತು. ಆದರೆ ಮಾತು? ಅವಳ ಹೆಸರಿನಲ್ಲಿ ಇದೇ ಮಹಾರಾಜರ ಎದುರು ಒಂದು ಮಾತು ಹೋಗಿದೆ, ಅದು ಅವಳದಲ್ಲ. ನಿನ್ನೆ ಬೋರ್ಡಿನ ಮುಂದೆ ಗೊತ್ತೈತಿ ಎಂದು ಅವಳೇ ಅದರ ಮೇಲೆ ಇನ್ನೊಂದು ಸುಳ್ಳು ಇಟ್ಟಳು. ಈಗ ಮೂರನೆಯದು.

“ವಚನ ಶುದ್ಧ ಇಲ್ರಿ ಮಹಾರಾಜ್,” ಎಂದಳು.

ಮಹಾರಾಜರು ಅವಳನ್ನು ಒಮ್ಮೆ ನೋಡಿದರು. ಆಹಾರದ ಹೊತ್ತು ಅವರಿಗೆ ಮೌನ, ಕೇಳುವಂತಿಲ್ಲ. ಪಿಂಛಿ ಎತ್ತಿಕೊಂಡು, ಯಾವ ಸಿಟ್ಟೂ ಇಲ್ಲದೆ, ಎದ್ದು ಬಾಗಿಲ ಕಡೆ ನಡೆದರು. ತೊಳೆದ ಪಾದದ ಗುರುತು ನೆಲದ ಮೇಲೆ ಬಾಗಿಲವರೆಗೆ ಮೂಡಿತು. ಇವತ್ತು ಅವರಿಗೆ ಹನಿ ನೀರಿಲ್ಲ, ಅದು ತನ್ನಿಂದ. ನೀಲಮನಿಗೆ ಕಾಲು ಹಿಡಿದು ತಪ್ಪಾಯಿತು ಎಂದುಬಿಡಲೇ ಎನ್ನಿಸಿತು. ಅಷ್ಟರಲ್ಲಿ ಗುಜುಗುಜು ಎದ್ದಿತು. ಏನಂದ್ಲು, ಯಾಕಂತ, ಯಾಕಂತ.

“ಏನಿಲ್ರಿ, ಏನಿಲ್ಲ!” ಕಾಶಿಬಾಯಿಯ ದನಿ ಎಲ್ಲರ ಮೇಲೆ ಹಾರಿತು. “ಆಕಿ ಈಗ ಹೊರಗ ಆದ್ಲು. ತಿಂಗಳಾ ತಪ್ಪಿ ಬರಾಕತ್ತೈತಿ ಆಕಿಗೆ. ಗಾಬರ್‍ಯಾಗಿ ಬಾಯಿಗೆ ಬಂದದ್ದ ಅಂದಾಳ. ಕಾಯ ಶುದ್ಧ ಇಲ್ಲ ಅನ್ನಬೇಕಿತ್ತು, ಪಾಪ.”

“ಹೌದ್ರಿ, ಹಂಗ ಆಗೈತಿ,” ಎಂದ ಶ್ರೀಪಾಲ.

ಗುಂಪು ಸಡಿಲಾಯಿತು. ಛೇ, ಪಾಪ, ಆಕಿ ತಪ್ಪೇನೈತಿ ಎಂದರು ಹೆಂಗಸರು, ಅನ್ನುತ್ತಲೇ ಅವಳಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಬ್ರಾಹ್ಮಿ ಕೂಡ ಸೆರಗು ಎಳೆದುಕೊಂಡಳು. ನೀಲಮ ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಅವನ ಮುಖದಲ್ಲಿ ಗೆಲುವೇನೂ ಇರಲಿಲ್ಲ, ಒಂದು ಕೆಲಸ ಪಾರಾಯಿತೆಂಬ ನೆಮ್ಮದಿ ಅಷ್ಟೇ. ಅವಳು ಇಷ್ಟು ವರ್ಷ ಆ ನೆಮ್ಮದಿಯನ್ನು ಒಳ್ಳೆಯತನವೆಂದು ತಿಳಿದಿದ್ದಳು. ಜನ್ಮದಲ್ಲಿ ಒಂದು ಸಲ ನೂರು ಜನರ ಎದುರು ತಾನು ಆಡಿದ ಒಂದು ಮಾತು, ಅದನ್ನೂ ಇವರು ಬಾಯಿಂದ ಬಿದ್ದ ಗಳಿಗೆಗೇ ಎತ್ತಿಕೊಂಡು ಬೇರೆ ಮಾಡಿ ಹಂಚಿದರು. ಅತ್ತೆ ಪಿಸುಗುಟ್ಟಿದಳು, ಒಳಗ ಹೋಗಿ ಮೂಲಿಗೆ ಕೂಡು, ಮೂರು ದಿನಕ್ಕ ಎಲ್ಲಾ ಮರೀತಾರ ಎಂದು.

ನೀಲಮ ಕಲಶವನ್ನು ನೆಲಕ್ಕಿಟ್ಟು ಬಾಗಿಲು ದಾಟಿದಳು. “ಎಲ್ಲಿ ಹೊಂಟಿ?” ಎಂದು ಶ್ರೀಪಾಲ ಎರಡು ಹೆಜ್ಜೆ ಓಡಿ ಬಂದು ಅವಳ ತೋಳಿಗೆ ಕೈ ಚಾಚಿದ. ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಇಡೀ ಓಣಿ ನೋಡುತ್ತಿತ್ತು, ಅವನು ಮೊನ್ನೆ ಆಯಿತವಾರ ಬ್ರಹ್ಮಚಾರಿಯಾದವನು. ಬೇರೆ ಯಾರೂ ತಡೆಯಲು ಮುಂದೆ ಬರಲಿಲ್ಲ. ಮುಟ್ಟಿದರೆ ತಮ್ಮ ಮಡಿ ಹೋಗುತ್ತದೆಂದು ಎರಡೂ ಬದಿಯವರು ಕಟ್ಟೆಗೆ ಒತ್ತಿ ನಿಂತು ಅವಳಿಗೆ ದಾರಿ ಬಿಟ್ಟರು. ಅತ್ತೆಯ ಸುಳ್ಳಿನಿಂದಾದ ಆ ದಾರಿಯಲ್ಲಿ ಅವಳು ಮಡಿಸೀರೆಯಲ್ಲೇ, ಬರಿಗಾಲಲ್ಲಿ, ಮಹಾರಾಜರ ಹಿಂದೆ ನಡೆದಳು. ಬಸದಿಯ ಮೆಟ್ಟಿಲ ಹತ್ತಿರ ಯಾರೋ, ಒಳಗ ಬರಬ್ಯಾಡ್ರಿ ತಾಯಿ ಎಂದು ಕೂಗಿದರು. ಅವಳು ಮೆಟ್ಟಿಲು ಹತ್ತಿ ಒಳಗೆ ಹೋದಳು.

ಮಹಾರಾಜರು ಮಣೆಯ ಮೇಲೆ ಕೂತು ಮೌನ ಬಿಟ್ಟರು. “ಏನಮ್ಮಾ?” ಎಂದರು. ಬಿಸಿಲಲ್ಲಿ ನಡೆದು ಅವರ ತುಟಿ ಒಣಗಿತ್ತು.

ನೀಲಮ ನೆಲಕ್ಕೆ ಹಣೆ ಹಚ್ಚಿ ಎದ್ದು ಕೂತಳು. ಹಿಂದೆ ಬಾಗಿಲ ತುಂಬ ಜನ, ಅವರ ನಡುವೆ ಬಿಳಿ ಶಲ್ಯದ ಶ್ರೀಪಾಲ.

“ನಾ ಹೊರಗ ಆಗಿಲ್ರಿ ಮಹಾರಾಜ್,” ಎಂದಳು. “ನಿಮ್ಮನ್ನ ಉಪವಾಸ ಕೆಡವಿದ ಪಾಪ ನಂದ, ಅದನ್ನ ನಾನ ಹೊರತೀನಿ. ಆದ್ರ ಆಯಿತವಾರ ನೀವು ಕೇಳಿದ ಮಾತಿಗೆ ಉತ್ತರ ಕೊಡಾಕ ಬಂದೀನ್ರಿ. ನನ್ನ ಯಾರೂ ಕೇಳಿದ್ದಿಲ್ಲ.”